ಮೋಸಹೋದವರ ಮೌನ

1906ನೆಯ ಇಸವಿಯ ಅಕ್ಟೋಬರ್ 22ರಂದು ಮದ್ರಾಸಿನ ಆರ್ಬತ್‌ನಾಟ್ ಕಂಪೆನಿಯು ದಿವಾಳಿಯಾಯಿತೆಂಬ ವಾರ್ತೆ ಹೊರಬಿದ್ದಾಗ, ಆ ಸಾಹುಕಾರಿ ಸಂಸ್ಥೆಯ ಹೆಸರೊಂದನ್ನೇ ನಂಬಿ ಜೀವಮಾನದ ಉಳಿತಾಯವನ್ನು ಅಲ್ಲಿ ಇರಿಸಿದ್ದ ದೊಡ್ಡವರೂ ಸಣ್ಣವರೂ ಏಕಕಾಲದಲ್ಲಿ ನಿರ್ಗತಿಕರಾದರು. ಪಟ್ಟಣಕ್ಕೆ ಪಟ್ಟಣವೇ ಕೋಪಗೊಂಡಿತು, ಪತ್ರಿಕೆಗಳು ಬರೆದುವು, ವಿ. ಕೃಷ್ಣಸ್ವಾಮಿ ಅಯ್ಯರ್ ಅವರಂಥ ಪ್ರಖ್ಯಾತ ವಕೀಲರು ಹಣ ಇಟ್ಟವರ ಪರವಾಗಿ ಹೋರಾಡಿದರು. ಸರ್ ಜಾರ್ಜ್ ಆರ್ಬತ್‌ನಾಟ್ ಹದಿನೆಂಟು ತಿಂಗಳ ಕಠಿನ ಕಾರಾಗೃಹವಾಸಕ್ಕೆ ಗುರಿಯಾದರು. ಮರುವರ್ಷವೇ, ನಮ್ಮ ಹಣಕ್ಕೆ ನಮ್ಮದೇ ಆದ ಬ್ಯಾಂಕು ಬೇಕೆಂಬ ಸಂಕಲ್ಪದಿಂದ, ಇಂಡಿಯನ್ ಬ್ಯಾಂಕು ಜನ್ಮ ತಾಳಿತು. (ಆಗ ಇದೇ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳೂ, ಈ ಪತನಕ್ಕೆ ಕೆಲವು ತಿಂಗಳು ಮುಂಚಿತವಾಗಿ, ತಮ್ಮ ತಮ್ಮ ಬ್ಯಾಂಕುಗಳಿಗೆ ಅಸ್ತಿಭಾರ ಹಾಕಿದ್ದರೆಂಬುದನ್ನು ಕನ್ನಡಿಗರಾದ ನಾವು ಕೊಂಚ ಅಭಿಮಾನದಿಂದಲೇ ನೆನೆಯಬಹುದು.)

ಆ ದುರಂತದಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಹಣ ಕಳೆದುಕೊಂಡವರಲ್ಲಿ ಯಾರೂ ತಲೆ ತಗ್ಗಿಸಲಿಲ್ಲ. ನಾಚಿಕೆಯೆಲ್ಲ ಮೋಸ ಮಾಡಿದವರ ಪಾಲಿಗೆ ಹೋಯಿತು. ಏಕೆಂದರೆ ನಷ್ಟವು ಸಾರ್ವಜನಿಕವಾಗಿತ್ತು, ಅದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಅದೇ ನಷ್ಟದ ಇನ್ನೊಬ್ಬನಿದ್ದನು. ಇಂದು ಅದೇ ಪಟ್ಟಣದ ಮಾಂಬಲದಲ್ಲಿಯೋ ಮೈಲಾಪುರದಲ್ಲಿಯೋ ಅಣ್ಣಾನಗರದಲ್ಲಿಯೋ ಒಬ್ಬ ಗೃಹಸ್ಥನ ಕ್ರೆಡಿಟ್ ಕಾರ್ಡಿನಿಂದ ಹಣ ಹಾರಿಹೋದಾಗ, ಅದು ಮಧ್ಯರಾತ್ರಿಯಲ್ಲಿ, ಅವನೊಬ್ಬನ ಕೈಯಲ್ಲಿರುವ ಫೋನಿನ ಪರದೆಯ ಮೇಲೆ, ಅವನೊಬ್ಬನಿಗೇ ತಿಳಿಯುತ್ತದೆ. ಅವನು ಮೊದಲು ಮಾಡುವ ಕೆಲಸ ಕಳ್ಳನನ್ನು ಬಯ್ಯುವುದಲ್ಲ, ತನ್ನನ್ನು ತಾನೇ ಬಯ್ದುಕೊಳ್ಳುವುದು. ಎರಡನೆಯದು, ಯಾರಿಗೂ ಹೇಳದಿರುವುದು. ಇಂದಿನ ವಂಚಕರ ಚಾತುರ್ಯವನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ಆದರೆ ಅವರಿಗೆ ಒದಗುವ ಸಹಾಯಗಳಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು ವಂಚಿತರ ಈ ಮೌನವೇ ಎಂದು ನನ್ನ ಅಭಿಪ್ರಾಯ.

ಕ್ರೆಡಿಟ್ ಕಾರ್ಡೆಂಬ ವಸ್ತು ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. ಅಮೆರಿಕದಲ್ಲಿ 1950ರಲ್ಲಿ ಆರಂಭವಾದ ಡೈನರ್ಸ್ ಕ್ಲಬ್ಬು 1961ರಲ್ಲಿ ಇಲ್ಲಿಗೆ ಬಂದಿತು. 1980ರಲ್ಲಿ ಸೆಂಟ್ರಲ್ ಬ್ಯಾಂಕು ತನ್ನ ಕಾರ್ಡನ್ನು ಹೊರತಂದಿತು. ಆದರೂ ಮಧ್ಯಮವರ್ಗದ ಮನೆಯೊಳಕ್ಕೆ ಅದು ಕಾಲಿಟ್ಟುದು ತೊಂಬತ್ತರ ದಶಕದ ಅನಂತರ, ಮತ್ತು ಅದರ ಬೆನ್ನ ಹಿಂದೆಯೇ ಕಳ್ಳನೂ ಬಂದನು. ಅಂದಿನ ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯಲ್ಲಿ ಅಡಕವಾಗಿದ್ದ ವಿವರ ಎಂದೆಂದಿಗೂ ಒಂದೇ. ಹೋಟೆಲಿನಲ್ಲಿ ಊಟ ಮುಗಿಸಿ ಬಿಲ್ಲಿನ ತಟ್ಟೆಯಲ್ಲಿ ಕಾರ್ಡಿಟ್ಟು ಸೋಂಪು ಮೆಲ್ಲುತ್ತಾ ಕುಳಿತಾಗ, ಒಳಗೆ ಅದನ್ನು ಅಂಗೈಯಗಲದ ಯಂತ್ರವೊಂದರಲ್ಲಿ ಒಂದು ಸಲ ಎಳೆದರೆ ಸಾಕು, ಬೇರೊಂದು ಖಾಲಿ ಪ್ಲಾಸ್ಟಿಕ್ ತುಂಡಿನ ಮೇಲೆ ಅದರ ಅವಳಿ ಹುಟ್ಟಿಬಿಡುತ್ತಿತ್ತು. 2003ರ ಸುಮಾರಿನಲ್ಲಿ ಚೆನ್ನೈ ಪೊಲೀಸರು ಎ.ಟಿ.ಎಂ. ಒಂದರಲ್ಲಿ ಕೈಚಳಕ ತೋರುತ್ತಿದ್ದ ಇಪ್ಪತ್ತೆರಡು ವರ್ಷ ವಯಸ್ಸಿನ ತರುಣನನ್ನು ಹಿಡಿದರು. ವಿದ್ಯಾವಂತನಾದ ಆತ ತ್ಯಾಗರಾಯನಗರ ಮತ್ತು ಅಭಿರಾಮಪುರದ ಎರಡು ಯಂತ್ರಗಳಿಂದಲೇ ಏಳೂವರೆ ಲಕ್ಷ ರೂಪಾಯಿಗಳನ್ನು ಎತ್ತಿದ್ದನೆಂದು ಬೆಳಕಿಗೆ ಬಂದಿತು. ಯೂರೋಪಿನ ತಂಡವೊಂದು ಹೆಸರಾಂತ ದೂರವಾಣಿ ಕಂಪೆನಿಯ ಜಾಲತಾಣವನ್ನೇ ಹೋಲುವ ಕಪಟ ತಾಣವನ್ನು ನಿರ್ಮಿಸಿ, ನಂಬಿ ಬಂದವರಿಂದ ಕಾರ್ಡಿನ ಗುಟ್ಟುಗಳನ್ನು ಸಂಗ್ರಹಿಸಿ, ಅವನ್ನು ಇಂಥವರಿಗೆ ಒದಗಿಸುತ್ತಿತ್ತಂತೆ. ಮುಂದೆ 2018ರ ಅಂತ್ಯದೊಳಗೆ ಬ್ಯಾಂಕುಗಳು ಪಟ್ಟಿಯ ಕಾರ್ಡುಗಳಿಗೆ ಬದಲಾಗಿ ಚಿಪ್ಪಿನ ಕಾರ್ಡುಗಳನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಚಿಪ್ಪು ಪ್ರತಿ ಸಲವೂ ಹೊಸದೊಂದು ಸಂಕೇತವನ್ನು ಹೊರಡಿಸುವುದರಿಂದ ಆ ಹಳೆಯ ನಕಲುವಿದ್ಯೆ ಬಹುಮಟ್ಟಿಗೆ ನಿಂತಿತು. ಕಳ್ಳನು ಯಂತ್ರವನ್ನು ಬಿಟ್ಟು ಮನುಷ್ಯನ ಕಡೆಗೆ ತಿರುಗಿದನು.

ಬಹಳ ಮೊದಲೇ ಸುಳಿವು ಕಂಡಿದ್ದ ಈ ತಿರುವಿನ ಚರಿತ್ರೆಯಲ್ಲಿ ಚೆನ್ನೈಗೆ ವಿಶಿಷ್ಟವಾದ ಸ್ಥಾನವಿದೆ. 2007ರ ಸೆಪ್ಟೆಂಬರಿನಲ್ಲಿ, ವಿದೇಶದಲ್ಲಿ ಉದ್ಯೋಗದಲ್ಲಿದ್ದ ತಮಿಳುನಾಡಿನ ಖಾತೆದಾರರೊಬ್ಬರಿಗೆ ಐ.ಸಿ.ಐ.ಸಿ.ಐ. ಬ್ಯಾಂಕಿನಿಂದಲೇ ಬಂದುದೆಂದು ತೋರುವಂಥ ಮಿಂಚಂಚೆಯೊಂದು ಬಂದಿತು. ವಿವರ ಕೊಡದಿದ್ದರೆ ಖಾತೆಯೇ ಇಲ್ಲವಾದೀತೆಂಬ ಬೆದರಿಕೆ ಅದರಲ್ಲಿತ್ತು. ಅವರು ನಂಬಿ ಗುಪ್ತಪದವನ್ನು ಕೊಟ್ಟರು. ಆರು ಲಕ್ಷದ ನಲವತ್ತಾರು ಸಾವಿರ ರೂಪಾಯಿ ಅದೇ ಬ್ಯಾಂಕಿನಲ್ಲಿದ್ದ ಒಂದು ಕಂಪೆನಿಯ ಖಾತೆಗೆ ಹರಿದುಹೋಗಿ, ಅದರಲ್ಲಿ ನಾಲ್ಕು ಲಕ್ಷದ ಅರವತ್ತು ಸಾವಿರವನ್ನು ಮುಂಬಯಿಯ ಶಾಖೆಯಲ್ಲಿ ಚೆಕ್ಕಿನ ಮೂಲಕ ಸುಖವಾಗಿ ನಗದು ಮಾಡಿಕೊಳ್ಳಲಾಯಿತು. ಇದು ಕಾರ್ಡಿನ ಮೋಸವಲ್ಲ, ಇಂಟರ್ನೆಟ್ ಬ್ಯಾಂಕಿಂಗಿನದು. ಆದರೆ ಒಳಗಿನ ಪ್ರಶ್ನೆ ಒಂದೇ. ಗುಟ್ಟನ್ನು ತಾನಾಗಿಯೇ ಬಿಟ್ಟುಕೊಟ್ಟವನಿಗೆ ಬ್ಯಾಂಕು ಏನನ್ನಾದರೂ ಕೊಡಬೇಕೆ?

ಕೊಡಬೇಕೆಂದು ತಮಿಳುನಾಡಿನ ಅಂದಿನ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೂ, ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ನ್ಯಾಯನಿರ್ಣಯಾಧಿಕಾರಿಯೂ ಆಗಿದ್ದ ಪಿ.ಡಬ್ಲ್ಯು.ಸಿ. ಡೇವಿದಾರ್ ಅವರು 2010ರ ಏಪ್ರಿಲ್‌ನಲ್ಲಿ ತೀರ್ಪಿತ್ತರು. ಬಡ್ಡಿ, ಖರ್ಚು, ಪ್ರಯಾಣ ಎಲ್ಲವೂ ಸೇರಿ ಹನ್ನೆರಡು ಲಕ್ಷದ ಎಂಬತ್ತೈದು ಸಾವಿರ ರೂಪಾಯಿಗಳನ್ನು ಬ್ಯಾಂಕು ತೆರಬೇಕೆಂಬ ಆ ಆಜ್ಞೆ ಈ ಬಗೆಯ ಪ್ರಕರಣಗಳಲ್ಲಿ ದೇಶಕ್ಕೇ ಮೊದಲನೆಯದು. ಗ್ರಾಹಕನ ಪರವಾಗಿ ನಿಂತವರು ನಾವಿ ಎಂದೇ ಪ್ರಸಿದ್ಧರಾದ ಸೈಬರ್ ಕಾನೂನು ತಜ್ಞ ನಾ. ವಿಜಯಶಂಕರ್. ಮೋಸಹೋದವನು ಮುಗ್ಧನಾಗಿದ್ದನೆ ಮೂರ್ಖನಾಗಿದ್ದನೆ ಎಂಬಲ್ಲಿಗೆ ವಿಚಾರಣೆಯನ್ನು ಮುಗಿಸದೆ, ಹಣವನ್ನು ಹೊರಗೆ ಬಿಟ್ಟ ಬಾಗಿಲಿನಲ್ಲಿ ಕಾವಲು ಹೇಗಿತ್ತು, ಬ್ಯಾಂಕು ತನ್ನ ಕರ್ತವ್ಯದ ಎಚ್ಚರವನ್ನು ವಹಿಸಿತ್ತೆ ಎಂದು ಆ ತೀರ್ಪು ಕೇಳಿತು. ಮೇಲ್ಮನವಿಯ ಕಥೆ ಬೇರೆ: ಅದನ್ನು ಆಲಿಸಬೇಕಾದ ನ್ಯಾಯಾಧಿಕರಣಕ್ಕೆ 2011ರಿಂದ ವರ್ಷಗಟ್ಟಲೆ ಅಧ್ಯಕ್ಷರೇ ಇರಲಿಲ್ಲ, ಕೊನೆಗೆ ಅದು ದೂರಸಂಪರ್ಕ ವಿವಾದಗಳ ನ್ಯಾಯಾಧಿಕರಣವಾದ ಟಿ.ಡಿ.ಎಸ್.ಎ.ಟಿ.ಯಲ್ಲಿ ವಿಲೀನವಾಗಿ, 2019ರಲ್ಲಿ ಗ್ರಾಹಕನ ಪರವಾಗಿಯೇ ನಿರ್ಣಯವಾಯಿತು. ಹಣ ಹೋದುದು 2007ರಲ್ಲಿ. ನ್ಯಾಯದ ದಾರಿ ಇದ್ದಿತೆಂಬುದು ಎಷ್ಟು ಸತ್ಯವೋ ಅದು ಹನ್ನೆರಡು ವರ್ಷ ಉದ್ದವಾಗಿದ್ದಿತೆಂಬುದೂ ಅಷ್ಟೇ ಸತ್ಯ.

ಅಷ್ಟು ಉದ್ದದ ದಾರಿಯನ್ನು ಸಾಮಾನ್ಯರು ತುಳಿಯಲಾರರೆಂಬುದನ್ನು ಅರಿತೋ ಏನೋ, ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಕಾರ್ಡಿಟ್ಟುಕೊಂಡ ಪ್ರತಿಯೊಬ್ಬನೂ ಇದರ ಸಾರವನ್ನು ಅರಿತಿರಬೇಕು; ಹಾಗೆ ಅರಿತವರು ನನ್ನ ಅನುಭವದಲ್ಲಿ ಅತ್ಯಲ್ಪ. ದೋಷ ಬ್ಯಾಂಕಿನದಾಗಿದ್ದರೆ ಗ್ರಾಹಕನು ಏನೂ ತೆರಬೇಕಾಗಿಲ್ಲ. ದೋಷ ಬ್ಯಾಂಕಿನದೂ ಅಲ್ಲದೆ, ಗ್ರಾಹಕನದೂ ಅಲ್ಲದೆ, ನಡುವೆ ಇನ್ನೆಲ್ಲಿಯೋ ಸೋರಿಕೆಯಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ಸಂದೇಶ ಬಂದ ದಿನವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕರಿಂದ ಏಳು ದಿನಗಳಾದರೆ, ಐದು ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಗ್ರಾಹಕನ ಹೊರೆ ಒಂದೊಂದು ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲಿನ ಮಿತಿಯದಕ್ಕೆ 25,000 ರೂಪಾಯಿ. ಏಳು ದಿನ ಮೀರಿದರೆ ಆಯಾ ಬ್ಯಾಂಕಿನ ನೀತಿಯಂತೆ. ದೂರಿತ್ತ ಹತ್ತು ಕೆಲಸದ ದಿನಗಳಲ್ಲಿ ಹೋದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡತಕ್ಕದ್ದು. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯತಕ್ಕದ್ದು. ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು: ತಪ್ಪು ಗ್ರಾಹಕನದೆಂದು ರುಜುವಾತುಪಡಿಸುವ ಭಾರ ಬ್ಯಾಂಕಿನ ಮೇಲಿದೆ.

ಹಾಗಾದರೆ ಓಟಿಪಿಯನ್ನು ತಾನೇ ಹೇಳಿಬಿಟ್ಟವನ ಗತಿ? ಇಲ್ಲಿ ಸುತ್ತೋಲೆ ಚೆನ್ನೈಯ ತೀರ್ಪಿನಷ್ಟು ಉದಾರವಲ್ಲ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದು. ತಿಳಿಸಿದ ಕ್ಷಣದಿಂದ ಮುಂದಿನದು ಬ್ಯಾಂಕಿನದು. ಕಠೋರವೆಂದು ತೋರುವ ಈ ನಿಯಮದೊಳಗೇ ಒಂದು ಹಿತವಚನ ಅಡಗಿದೆ: ತಾನೇ ತಪ್ಪು ಮಾಡಿದೆನೆಂದು ನಾಚಿ ಕುಳಿತವನು ಎಲ್ಲರಿಗಿಂತ ಬೇಗ ಮಾತನಾಡಬೇಕಾದವನು, ಏಕೆಂದರೆ ಅವನ ಮೌನದ ಪ್ರತಿಯೊಂದು ಗಂಟೆಗೂ ಬೆಲೆ ತೆರುವವನು ಅವನೇ. ಗ್ರಾಹಕನ ಅಜಾಗರೂಕತೆಯಿದ್ದಾಗಲೂ ನಷ್ಟವನ್ನು ಮನ್ನಾ ಮಾಡುವ ವಿವೇಚನೆಯನ್ನು ಅದೇ ಸುತ್ತೋಲೆ ಬ್ಯಾಂಕುಗಳಿಗೆ ಬಿಟ್ಟಿದೆಯೆಂಬುದನ್ನೂ ಮರೆಯಬಾರದು.

ನನ್ನ ಪರಿಚಿತರೊಬ್ಬರ ವೃತ್ತಾಂತವನ್ನು ಇಲ್ಲಿ ಹೇಳಬೇಕು. ಮೈಸೂರಿನ ಕಡೆಯವರು, ನೌಕರಿಯ ನಿಮಿತ್ತ ಚೆನ್ನೈಗೆ ಬಂದು, ನಿವೃತ್ತರಾಗಿ, ಪಶ್ಚಿಮ ಮಾಂಬಲದಲ್ಲಿಯೇ ನೆಲೆನಿಂತ ಇಂಜಿನಿಯರು, ಅಂಗಡಿಯ ಚೀಟಿಯನ್ನೂ ಎರಡು ಸಲ ಕೂಡಿ ನೋಡುವಂಥ ಲೆಕ್ಕದ ಮನುಷ್ಯ. ಒಂದು ರಾತ್ರಿ ಅವರ ಫೋನಿಗೆ ಒಂದು ಡಾಲರಿನಷ್ಟು ಖರ್ಚಾಯಿತೆಂಬ ಸಂದೇಶ ಬಂದಿತು. ಇದೇನೋ ಕಂಪ್ಯೂಟರಿನ ತಪ್ಪಿರಬೇಕೆಂದು ಮಲಗಿದರು. ಬೆಳಗಾಗುವುದರೊಳಗೆ ಮತ್ತೆ ಮೂರು ಸಂದೇಶಗಳು. ಎಂದೂ ಕೇಳದ ಪರದೇಶದ ಅಂಗಡಿಯೊಂದರಲ್ಲಿ ಎಂಬತ್ತು ಸಾವಿರಕ್ಕೆ ಮೀರಿದ ವ್ಯಾಪಾರ. ಕಾಫಿ ತಂದ ಹೆಂಡತಿ ಮುಖ ನೋಡಿ ವಿಷಯ ತಿಳಿದುಕೊಂಡರು.

“ಏನೂಂದ್ರೆ, ಓಟಿಪಿ ಯಾರಿಗಾದರೂ ಹೇಳಿದಿರೇನು?”

“ಬಂದಿದ್ದರೆ ತಾನೇ ಹೇಳೋದು! ಬರಲೇ ಇಲ್ಲ ಕಣೇ.”

“ಹಾಗಾದರೆ ಬ್ಯಾಂಕಿಗೆ ಫೋನ್ ಮಾಡಿ ಮತ್ತೆ.”

“ಇರು, ಮೊದಲು ಎಲ್ಲಿ ತಪ್ಪಿತು ಅಂತ ನೋಡ್ತೀನಿ. ಮಗನಿಗೆ ಮಾತ್ರ ಹೇಳಬೇಡ, ನಗ್ತಾನೆ.”

ಇಡೀ ಲೋಕದ ಮೋಸಗಾರರು ಕಾಯುವುದು ಈ ‘ಇರು’ ಎಂಬ ಮಾತಿಗಾಗಿಯೇ. ಓಟಿಪಿ ಬಾರದುದರಲ್ಲಿ ಆಶ್ಚರ್ಯವೇನಿರಲಿಲ್ಲ. ಅಂತರ್ಜಾಲದ ಕಾರ್ಡು ವ್ಯವಹಾರಕ್ಕೆ ಎರಡನೆಯದೊಂದು ದೃಢೀಕರಣ ಬೇಕೆಂಬ ನಿಯಮವನ್ನು ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಜಾರಿಗೆ ತಂದಿತಾದರೂ ಅದರ ಹಿಡಿತವಿದ್ದುದು ನಮ್ಮ ದೇಶದ ವ್ಯಾಪಾರಿಗಳ ಮೇಲೆ. ಹೊರದೇಶದ ಅನೇಕ ಅಂಗಡಿಗಳು ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಇಷ್ಟರಿಂದಲೇ ತೃಪ್ತವಾಗುತ್ತ ಬಂದಿವೆ. ಆ ಒಂದು ಡಾಲರು ಕಳ್ಳನ ಪರೀಕ್ಷೆ: ಕದ್ದ ಸಂಖ್ಯೆಗೆ ಜೀವವಿದೆಯೆ, ಅದರ ಒಡೆಯ ಎಚ್ಚರವಾಗಿದ್ದಾನೆಯೆ ಎಂದು ತಿಳಿಯುವ ಉಪಾಯ. ಹೀಗೆ ಬಂದ ಅತ್ಯಲ್ಪ ಮೊತ್ತದ ಅಪರಿಚಿತ ಸಂದೇಶ ದೊಡ್ಡ ಮೊತ್ತದ್ದಕ್ಕಿಂತ ಹೆಚ್ಚು ಗಾಬರಿಗೆ ಯೋಗ್ಯವಾದುದು.

ಆಕೆ ಬಿಡಲಿಲ್ಲ. ಕಾರ್ಡಿನ ಹಿಂದೆ ಅಚ್ಚಾಗಿದ್ದ ಸಂಖ್ಯೆಗೇ ಫೋನು ಮಾಡಿಸಿದರು (ಗೂಗಲಿನಲ್ಲಿ ಹುಡುಕಿದರೆ ಬ್ಯಾಂಕಿನ ಹೆಸರಿನಲ್ಲಿಯೇ ಕಳ್ಳರ ಸಂಖ್ಯೆಗಳು ಸಿಗುತ್ತವೆಂಬುದು ಆಕೆಗೆ ಗೊತ್ತಿತ್ತು). ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂಬ ಯಂತ್ರವಾಣಿಯ ಅರಣ್ಯವನ್ನು ದಾಟಿ, ಕಾರ್ಡನ್ನು ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆಯನ್ನು ಪಂಚಾಂಗದ ಅಂಚಿನಲ್ಲಿ ಬರೆದುಕೊಂಡರು. ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಫೋನು ಮಾಡಿ ಅಲ್ಲಿಯೂ ಒಂದು ಸಂಖ್ಯೆ ಪಡೆದರು. ಮಧ್ಯಾಹ್ನ ಠಾಣೆಗೆ ಹೋಗಿ ಬರಹದ ದೂರು ಕೊಟ್ಟು, ತಮಿಳುನಾಡಿನ ಠಾಣೆಗಳಲ್ಲಿ ಎಫ್.ಐ.ಆರ್.ಗೆ ಮೊದಲು ಕೊಡುವ ಸಿ.ಎಸ್.ಆರ್. ಎಂಬ ರಸೀತಿಯನ್ನು ತಂದರು. ಶಾಖೆಯ ಯುವಕ ಅಧಿಕಾರಿ, “ಸಾರ್, ನೀವೇ ಎಲ್ಲೋ ವಿವರ ಕೊಟ್ಟಿರಬೇಕು” ಎಂದಾಗ ಇಂಜಿನಿಯರು ಜಗಳಕ್ಕೆ ಹೋಗದೆ, ಅದನ್ನು ಬರಹದಲ್ಲಿ ಕೊಡಬೇಕೆಂದೂ ರುಜುವಾತಿನ ಭಾರ ಯಾರದೆಂಬುದನ್ನು ಸುತ್ತೋಲೆಯಲ್ಲಿ ನೋಡಬೇಕೆಂದೂ ವಿನಯದಿಂದ ಕೇಳಿಕೊಂಡರು. ಬರಹದಲ್ಲಿ ಏನೂ ಬರಲಿಲ್ಲ. ತಾತ್ಕಾಲಿಕ ಜಮೆ ಬಂದಿತು, ಕಾಲಕ್ರಮದಲ್ಲಿ ಅದೇ ಕಾಯಂ ಆಯಿತು. ಮಗನಿಗೆ ಹೇಳಿದಾಗ ಅವನು ನಗಲೂ ಇಲ್ಲ. ಅವನಿಗೂ ಒಮ್ಮೆ ಹಾಗೆಯೇ ಆಗಿತ್ತಂತೆ, ಅಪ್ಪನಿಗೆ ಹೇಳಿರಲಿಲ್ಲವಷ್ಟೆ.

1930 ಎಂಬ ಆ ಸಂಖ್ಯೆಯ ಕಾರ್ಯವಿಧಾನವನ್ನು ತಿಳಿದರೆ ಅವಸರದ ಅರ್ಥ ತಾನಾಗಿ ಹೊಳೆಯುತ್ತದೆ. ದೂರು ದಾಖಲಾದೊಡನೆ, ಹಣ ಯಾವ ಬ್ಯಾಂಕಿಗೆ ಅಥವಾ ವಾಲೆಟ್ಟಿಗೆ ಹೋಗಿದೆಯೋ ಅಲ್ಲಿಗೆ ಸೂಚನೆ ಹೋಗಿ, ಅಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯಲಾಗುತ್ತದೆ. ಅಷ್ಟರಲ್ಲಿ ಹಣ ಮುಂದಕ್ಕೆ ಜಾರಿದ್ದರೆ ಸೂಚನೆಯೂ ಅದನ್ನು ಹಿಂಬಾಲಿಸುತ್ತದೆ. ಓಟದ ಈ ಪಂದ್ಯದಲ್ಲಿ ಕಳ್ಳನಿಗೆ ಸಿಗುವ ಮುನ್ನಡೆ ನಾವು ಕೊಟ್ಟಷ್ಟೇ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಕೇಂದ್ರ ಸರ್ಕಾರದ ತಾಣದಲ್ಲಿಯೂ ದೂರು ಕೊಡಬಹುದು. ನಮ್ಮ ಸರಹದ್ದಲ್ಲವೆಂದು ಯಾವ ಠಾಣೆಯೂ ಈಗ ಹಿಂದಿರುಗಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಅಪರಾಧ ಎಲ್ಲಿಯೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ದಾಖಲಿಸಲು ಅವಕಾಶ ಕೊಟ್ಟಿದೆ.

ಬಿಲ್ಲಿನ ವಿಷಯದಲ್ಲಿ ಹಲವರು ಎಡವುತ್ತಾರೆ. ಮೋಸದ ಕೋಪದಿಂದ ಇಡೀ ತಿಂಗಳ ಬಿಲ್ಲನ್ನೇ ಕಟ್ಟದೆ ಬಿಡುವುದು ಅವಿವೇಕ. ವಿವಾದದ ಮೊತ್ತಕ್ಕೆ, ವಿವಾದ ತೀರುವವರೆಗೆ, ಯಾವ ಶುಲ್ಕವನ್ನೂ ಹಾಕಕೂಡದೆಂದು ರಿಸರ್ವ್ ಬ್ಯಾಂಕಿನ ಕಾರ್ಡು ನಿರ್ದೇಶನಗಳು ಹೇಳುತ್ತವೆ. ಉಳಿದುದು ನಾವು ನಿಜವಾಗಿ ಮಾಡಿದ ಸಾಲ, ಅದನ್ನು ಗಡುವಿನೊಳಗೆ ತೀರಿಸಿಬಿಡಬೇಕು.

ಆಮೇಲೆ ಬರುತ್ತಾನೆ ಎರಡನೆಯ ಕಳ್ಳ. ಇವನನ್ನು ಕುರಿತು ಯಾರೂ ಸಾಕಷ್ಟು ಎಚ್ಚರಿಸುವುದಿಲ್ಲ. ಒಮ್ಮೆ ಮೋಸಹೋದವರ ಹೆಸರು ಸಂಖ್ಯೆಗಳು ಕಳ್ಳಸಂತೆಯಲ್ಲಿ ಮತ್ತೊಮ್ಮೆ ಮಾರಾಟವಾಗುತ್ತವೆ. ಕೆಲವು ವಾರಗಳ ಅನಂತರ ಬ್ಯಾಂಕಿನವನೆಂದೋ, ಸೈಬರ್ ಪೊಲೀಸಿನವನೆಂದೋ ಒಬ್ಬ ಫೋನು ಮಾಡಿ, ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಸ್ವಲ್ಪ ಶುಲ್ಕ ಕಟ್ಟಿ ಎನ್ನುತ್ತಾನೆ, ಅಥವಾ ನಿಮ್ಮ ಫೋನಿನ ಪರದೆಯನ್ನೇ ತನಗೆ ಕಾಣಿಸುವಂಥ ಆ್ಯಪನ್ನು ಹಾಕಿಸುತ್ತಾನೆ. ಕಳೆದುಕೊಂಡವನ ಆಸೆ ಕಳೆದುಕೊಳ್ಳದವನ ಆಸೆಗಿಂತ ಕುರುಡು. ವಿದ್ಯುತ್ ಬಿಲ್ಲು ಬಾಕಿ, ಇಂದು ರಾತ್ರಿಯೇ ಸಂಪರ್ಕ ಕಡಿಯುತ್ತೇವೆಂದು ತಮಿಳುನಾಡಿನ ಮನೆಮನೆಗೂ ಬಂದ ಕಪಟ ಸಂದೇಶಗಳಲ್ಲಿಯೂ, ರಿವಾರ್ಡ್ ಪಾಯಿಂಟ್ ಈ ರಾತ್ರಿಗೆ ಮುಗಿಯುತ್ತದೆಂಬ ಆಮಿಷದಲ್ಲಿಯೂ ಇರುವುದು ಇದೇ ಅವಸರದ ಮಂತ್ರ. ಬ್ಯಾಂಕುಗಳು ವ್ಯವಹಾರದ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದಲೇ ಮಾಡತಕ್ಕದ್ದೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಹೇಳಿದೆ. ಹತ್ತಂಕಿಯ ಮೊಬೈಲಿನಿಂದ ಬ್ಯಾಂಕೆಂದು ಕರೆದವನೊಡನೆ ಸಂಭಾಷಣೆಯೇ ಬೇಡ.

ಮನೆಯನ್ನು ಮತ್ತೆ ಭದ್ರಪಡಿಸಿಕೊಳ್ಳುವ ಕೆಲಸ ಒಂದು ಭಾನುವಾರದ ಬೆಳಗಿನಲ್ಲಿ ಮುಗಿಯುವಂಥದು. ಹೊಸ ಸಂಖ್ಯೆಯ ಕಾರ್ಡು ಬಂದಾಗ ಹಳೆಯದರ ಮೇಲೆ ತಾನಾಗಿ ಕಡಿತವಾಗುತ್ತಿದ್ದ ವಿಮೆಯ ಕಂತು, ಫೋನಿನ ಬಿಲ್ಲು ಇತ್ಯಾದಿಗಳು ನಿಂತುಹೋಗುತ್ತವೆ, ಅವನ್ನು ನೆನೆದು ಬದಲಾಯಿಸಬೇಕು. ಬ್ಯಾಂಕಿನ ದಾಖಲೆಯಲ್ಲಿ ನಮ್ಮ ಮೊಬೈಲು, ಮಿಂಚಂಚೆ, ವಿಳಾಸಗಳನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ನೋಡಬೇಕು. ಮಿಂಚಂಚೆಯ ಗುಪ್ತಪದವನ್ನು ಬದಲಾಯಿಸಬೇಕು, ಏಕೆಂದರೆ ಉಳಿದೆಲ್ಲ ಬೀಗಗಳ ಕೀಲಿ ಇರುವುದು ಅಲ್ಲಿ. ಬ್ಯಾಂಕಿನ ಆ್ಯಪಿನಲ್ಲಿ ವಿದೇಶೀ ವ್ಯವಹಾರ, ಆನ್‌ಲೈನ್ ವ್ಯವಹಾರ, ಮುಟ್ಟಿಸದೆ ಕೊಡುವ ವ್ಯವಹಾರ ಇವೊಂದೊಂದಕ್ಕೂ ಪ್ರತ್ಯೇಕ ಗುಂಡಿಗಳಿವೆ. 2020ರ ರಿಸರ್ವ್ ಬ್ಯಾಂಕಿನ ಆದೇಶದಿಂದ ಬಂದ ಸೌಲಭ್ಯವಿದು. ಪರದೇಶಕ್ಕೆ ಹೋಗುವವರೆಗೆ ವಿದೇಶದ ಗುಂಡಿಯೊಂದನ್ನು ಆರಿಸಿಟ್ಟಿದ್ದರೆ ನಮ್ಮ ಇಂಜಿನಿಯರ ಪ್ರಕರಣ ಸಂಭವಿಸುತ್ತಲೇ ಇರಲಿಲ್ಲ. ಸಂಚಾರ್ ಸಾಥಿ ಎಂಬ ಸರ್ಕಾರೀ ತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆಯೆಂಬುದು ತಿಳಿಯುತ್ತದೆ.

ಕದ್ದ ವಿವರಗಳಿಂದ ನಮ್ಮ ಹೆಸರಿನಲ್ಲಿಯೇ ಹೊಸ ಸಾಲ ಎತ್ತುವವರೂ ಉಂಟು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ನಮ್ಮ ಸಾಲಗಳ ಲೆಕ್ಕವನ್ನಿಡುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು; ಮೂರು ತಿಂಗಳಿಗೊಂದರಂತೆ ಕೇಳಿದರೆ ವರ್ಷವಿಡೀ ಕಾವಲಿದ್ದಂತಾಯಿತು. ಅದರಲ್ಲಿ ನಮ್ಮದಲ್ಲದ ಸಾಲ ಕಂಡುಬಂದು ದೂರಿತ್ತರೆ, ಮೂವತ್ತು ದಿನಗಳಲ್ಲಿ ಸರಿಪಡಿಸದ ಪಕ್ಷದಲ್ಲಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲುತ್ತದೆ.

ಬ್ಯಾಂಕು ದೂರನ್ನು ತಳ್ಳಿಹಾಕಿದರೆ, ಅಥವಾ ಮೂವತ್ತು ದಿನ ಉತ್ತರವನ್ನೇ ಕೊಡದಿದ್ದರೆ, ಮುಂದಿನ ಬಾಗಿಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರದು. 2021ರ ನವೆಂಬರಿನಿಂದ ಇಡೀ ದೇಶಕ್ಕೆ ಒಂದೇ ಯೋಜನೆ ಬಂದಿರುವುದರಿಂದ, ಚೆನ್ನೈಯವರು ರಾಜಾಜಿ ಸಾಲೈಯ ಫೋರ್ಟ್ ಗ್ಲೇಸಿಸ್ಸಿನ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಮನೆಯಿಂದಲೇ ಅಂತರ್ಜಾಲದ ಮೂಲಕ ದೂರು ಸಲ್ಲಿಸಬಹುದು. ವಕೀಲರು ಬೇಕಾಗಿಲ್ಲ, ಶುಲ್ಕವೂ ಇಲ್ಲ. ದೂರು ಹೇಗೆ ಬರೆಯಬೇಕೆಂದು ತಿಳಿಯದವರು 14448ಕ್ಕೆ ಫೋನು ಮಾಡಬಹುದು. ಆ ಕೇಂದ್ರದಲ್ಲಿ ಹಿಂದಿ ಇಂಗ್ಲಿಷುಗಳ ಜೊತೆಗೆ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಉತ್ತರ ಕೊಡುವ ಏರ್ಪಾಟಿದೆ.